ಮಗನ ಪಟ್ಟಿ, ಮೊಮ್ಮಗನ ಪಟ್ಟಿ

ಕಳೆದ ದಸರಾ ರಜೆಯಲ್ಲಿ ಮೊಮ್ಮಗ ತಿಪಟೂರಿಗೆ ಬಂದಿದ್ದ. ಒಂಬತ್ತನೆಯ ತರಗತಿಯ ಹುಡುಗ. ಬಂದ ಮರುದಿನ ಬೆಳಿಗ್ಗೆ ನಾನು ಜಗಲಿಯಲ್ಲಿ ಪತ್ರಿಕೆ ಹರಡಿಕೊಂಡು ಕುಳಿತಿದ್ದಾಗ, ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದನ್ನು ತಂದು ಪತ್ರಿಕೆಯ ಮೇಲೆಯೇ ಇಟ್ಟ.

"ತಾತ, ಗೇಮಿಂಗ್ ಪಿ.ಸಿ. ಕೊಡಿಸೋದಕ್ಕೆ ಅಪ್ಪ ಕೊನೆಗೂ ಒಪ್ಪಿದ್ದಾರೆ. ಪಟ್ಟಿ ನೋಡಿದರು. ಪ್ರೊಸೆಸರ್, ಮದರ್‌ಬೋರ್ಡ್ ಎರಡರ ವಿಷಯ ಮಾತ್ರ ತಾತನನ್ನೇ ಕೇಳು ಅಂದರು."

ನನಗೆ ಆಶ್ಚರ್ಯವಾಯಿತು. ನನ್ನ ಮಗ ಇಪ್ಪತ್ತು ವರ್ಷಗಳಿಂದ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿಯೇ ಇರುವವನು. ನಾನಾದರೋ ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿ ನಿವೃತ್ತನಾದವನು. ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ನೋಡಿದೆ. ಮೊದಲ ಸಾಲಿನಲ್ಲಿ ಬಹು ದುಬಾರಿಯ ಪ್ರೊಸೆಸರ್ ಒಂದರ ಹೆಸರು. ಅದರ ಕೆಳಗೆ ಎರಡು ಗೆರೆ. ಮಧ್ಯದಲ್ಲಿ ಗ್ರಾಫಿಕ್ಸ್ ಕಾರ್ಡು, ಮೆಮೊರಿ, ಬಣ್ಣದ ದೀಪಗಳ ಪೆಟ್ಟಿಗೆ. ಕಟ್ಟಕಡೆಯ ಸಾಲಿನಲ್ಲಿ, "ಮದರ್‌ಬೋರ್ಡ್: ಯಾವುದಾದರೂ, ಕಡಿಮೆಯದು."

ಆ ಸಾಲನ್ನು ಓದಿದ ಕೂಡಲೇ ಮಗ ಅವನನ್ನು ನನ್ನ ಬಳಿಗೇ ಏಕೆ ಕಳುಹಿಸಿದನೆಂಬುದು ಅರ್ಥವಾಯಿತು. ಅದಕ್ಕೆ ಕಾರಣವಾದ ನನ್ನ ತಪ್ಪನ್ನು ಮುಂದೆ ಹೇಳುತ್ತೇನೆ. ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಗೊತ್ತಿರುವಂತೆ, ಯಾವುದನ್ನಾದರೂ ಬೇರಿನಿಂದ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಪಾಣಿಪತ್ ಯುದ್ಧವನ್ನು ಹೇಳಲು ಹೊರಟು ಒಂದು ಪೀರಿಯಡ್ ಪೂರ್ತಿ ಫರ್ಗಾನಾದಲ್ಲಿಯೇ ಉಳಿದುಬಿಡುತ್ತಿದ್ದೆನೆಂದು ನೀವು ನಗುತ್ತಿದ್ದಿರಿ. ಮೊಮ್ಮಗನೂ ಅಂದು ಅದೇ ಶಿಕ್ಷೆಯನ್ನು ಅನುಭವಿಸಿದ.

ಮೊದಲು ಅವನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ನಮ್ಮ ತಾಯಿಯ ಕಾಲದ ಒರಳುಕಲ್ಲನ್ನು ತೋರಿಸಿದೆ. ಗುಂಡುಕಲ್ಲು ಎಷ್ಟೇ ನುಣುಪಾಗಿರಲಿ, ಎಷ್ಟೇ ಭಾರವಾಗಿರಲಿ, ಈ ಒರಳಿನ ಗುಳಿಗೆ ಅದು ಕೂರದಿದ್ದರೆ ಹಿಟ್ಟು ರುಬ್ಬುವುದಿಲ್ಲ. ಪ್ರೊಸೆಸರ್ ಗುಂಡುಕಲ್ಲು, ಮದರ್‌ಬೋರ್ಡ್ ಒರಳು, ಸಾಕೆಟ್ ಎಂಬುದು ಆ ಗುಳಿ. ಅಂಗಡಿಯಲ್ಲಿ ಇವು ಎರಡು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇರುತ್ತವೆಂದು ಇವನ್ನು ಎರಡು ಆಯ್ಕೆಗಳೆಂದು ತಿಳಿಯುತ್ತೇವೆ. ಆದರೆ ಆಯ್ಕೆ ಒಂದೇ. ಅದು ಹೀಗಾದದ್ದು ತಂತ್ರಜ್ಞಾನದ ಅನಿವಾರ್ಯತೆಯಿಂದ ಮಾತ್ರವಲ್ಲ, ಒಂದು ದೊಡ್ಡ ಜಗಳದಿಂದ ಕೂಡ.

ಇಂಟೆಲ್ ಸಂಸ್ಥೆಯನ್ನು 1968ರಲ್ಲಿ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ ಸ್ಥಾಪಿಸಿದರು. ಮರುವರ್ಷ, 1969ರಲ್ಲಿ, ಜೆರಿ ಸ್ಯಾಂಡರ್ಸ್ ಮತ್ತು ಅವರ ಜೊತೆಗಾರರು ಎ.ಎಂ.ಡಿ.ಯನ್ನು ಆರಂಭಿಸಿದರು. ಇವರೆಲ್ಲರೂ ಕ್ಯಾಲಿಫೋರ್ನಿಯದ ಫೇರ್‌ಚೈಲ್ಡ್ ಎಂಬ ಒಂದೇ ಮನೆಯಿಂದ ಹೊರಬಂದವರು, ದಾಯಾದಿಗಳು ಎನ್ನಬಹುದು. ದಾಯಾದಿಗಳೆಂದ ಮೇಲೆ ವ್ಯಾಜ್ಯ ಇದ್ದೇ ಇರುತ್ತದೆ. 1981ರ ಆಗಸ್ಟಿನಲ್ಲಿ ಐ.ಬಿ.ಎಂ. ತನ್ನ ಪರ್ಸನಲ್ ಕಂಪ್ಯೂಟರನ್ನು ಇಂಟೆಲ್‌ನ 8088 ಪ್ರೊಸೆಸರ್ ಇಟ್ಟು ಮಾರುಕಟ್ಟೆಗೆ ತಂದಿತು. ಇಷ್ಟು ಮುಖ್ಯವಾದ ಒಂದು ಬಿಡಿಭಾಗಕ್ಕೆ ಒಬ್ಬನೇ ಸರಬರಾಜುದಾರನನ್ನು ನಂಬುವುದು ಐ.ಬಿ.ಎಂ.ಗೆ ಒಪ್ಪಿಗೆಯಿರಲಿಲ್ಲ, ಎರಡನೆಯವನೊಬ್ಬ ಬೇಕೇ ಬೇಕೆಂದಿತು. ಹಾಗಾಗಿ 1982ರಲ್ಲಿ ಇಂಟೆಲ್ ಮತ್ತು ಎ.ಎಂ.ಡಿ.ಗಳ ನಡುವೆ ಹತ್ತು ವರ್ಷಗಳ ಒಪ್ಪಂದವಾಯಿತು. ಇಂಟೆಲ್ ರೂಪಿಸಿದ ಪ್ರೊಸೆಸರನ್ನು ಎ.ಎಂ.ಡಿ.ಯೂ ತಯಾರಿಸಬಹುದು, ಎರಡೂ ಒಂದೇ ಗುಳಿಯಲ್ಲಿ ಕೂರುತ್ತವೆ.

1985ರಲ್ಲಿ ಇಂಟೆಲ್ 386 ಪ್ರೊಸೆಸರನ್ನು ತಂದಾಗ ಅದರ ವಿನ್ಯಾಸವನ್ನು ಎ.ಎಂ.ಡಿ.ಗೆ ಕೊಡಲಿಲ್ಲ. ಪಂಚಾಯಿತಿ ಆರಂಭವಾಯಿತು. ಎ.ಎಂ.ಡಿ. ತಾನೇ ಕಷ್ಟಪಟ್ಟು 1991ರಲ್ಲಿ ತನ್ನದೇ 386 ಅನ್ನು ತಯಾರಿಸಿತು. ವ್ಯಾಜ್ಯ ಮುಗಿದದ್ದು 1995ರಲ್ಲಿ. ಈ ನಡುವೆ ಒಂದು ತಮಾಷೆಯ ಸಂಗತಿ: 386 ಎಂಬ ಸಂಖ್ಯೆ ತನಗೆ ಮಾತ್ರ ಸೇರಿದ್ದೆಂದು ಇಂಟೆಲ್ ವಾದಿಸಿದಾಗ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಅಂಕಿಯನ್ನು ಯಾರು ಬೇಕಾದರೂ ಬರೆಯಬಹುದಲ್ಲ! ಆದ್ದರಿಂದಲೇ 1993ರಲ್ಲಿ ಬಂದ ಮುಂದಿನ ಪ್ರೊಸೆಸರಿಗೆ 586 ಎಂದು ಕರೆಯದೆ, ಗ್ರೀಕಿನ ಐದು ಎಂಬ ಪದದಿಂದ ಪೆಂಟಿಯಂ ಎಂಬ ಹೆಸರನ್ನು ಹುಟ್ಟಿಸಿದರು. ನಮ್ಮ ಊರಿನ ಅಂಗಡಿಗಳ ಬೋರ್ಡುಗಳ ಮೇಲೆ ಆ ಪದ ಎಷ್ಟು ವರ್ಷ ರಾರಾಜಿಸಿತೆಂಬುದು ನಿಮಗೆ ನೆನಪಿರಬಹುದು.

ಒರಳು ಮಾಡುವವರ ಕಥೆ ಬೇರೆ. ಅದು ನಡೆದದ್ದು ಮುಖ್ಯವಾಗಿ ತೈವಾನಿನಲ್ಲಿ. ಏಸರ್ ಸಂಸ್ಥೆಯನ್ನು ಬಿಟ್ಟ ನಾಲ್ವರು ಎಂಜಿನಿಯರುಗಳು 1989ರಲ್ಲಿ ಅಸುಸ್ ಅನ್ನು ಕಟ್ಟಿದರು. ಅಬಿಟ್ ಎಂಬುದೂ ಅದೇ ವರ್ಷ ಹುಟ್ಟಿತು. ಇಂತಹ ಹಲವು ಕಂಪನಿಗಳು ಯಾರ ಪ್ರೊಸೆಸರಿಗಾದರೂ ಒಗ್ಗುವ ಬೋರ್ಡುಗಳನ್ನು ಪೈಪೋಟಿಯಿಂದ ಮಾಡಿದ್ದರಿಂದಲೇ ಸಾಮಾನ್ಯ ಮನೆಯವನು ಬಿಡಿಭಾಗಗಳನ್ನು ಕೊಂಡು ಕಂಪ್ಯೂಟರ್ ಜೋಡಿಸಿಕೊಳ್ಳುವುದು ಸಾಧ್ಯವಾಯಿತು. ತೊಂಬತ್ತರ ದಶಕದ ಮಧ್ಯದಲ್ಲಿ ಸಾಕೆಟ್ 7 ಎಂಬ ಗುಳಿಯೊಂದಿತ್ತು. ಇಂಟೆಲ್‌ನ ಪೆಂಟಿಯಂ, ಎ.ಎಂ.ಡಿ.ಯ ಕೆ5 ಮತ್ತು ಕೆ6, ಟೆಕ್ಸಾಸಿನ ಸೈರಿಕ್ಸ್ ಕಂಪನಿಯ 6x86, ಎಲ್ಲವೂ ಅದರಲ್ಲಿಯೇ ಕೂರುತ್ತಿದ್ದವು. ಬೋರ್ಡಿನ ಜಂಪರುಗಳನ್ನು ಸರಿಯಾಗಿ ಹೊಂದಿಸಿದರಾಯಿತು. ಜಾತಿಮತ ಕೇಳದೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಛತ್ರದಂತಿತ್ತು ಅದು.

ಆ ಪಂಕ್ತಿಯಲ್ಲಿ ಕುಳಿತವರಲ್ಲಿ ಯಾರು ಬಲಶಾಲಿ ಎಂಬ ಪ್ರಶ್ನೆಯನ್ನು ಎತ್ತಿದ್ದು ಒಂದು ಆಟ. ಆಟವೆಂದರೆ ಮಕ್ಕಳು ಹೊತ್ತು ಕಳೆಯುವ ವಸ್ತುವೆಂದು ನಾನೂ ಬಹುಕಾಲ ತಿಳಿದಿದ್ದೆ. ಒಂದು ಕಂಪನಿಯ ಭವಿಷ್ಯವನ್ನೇ ಅದು ಅಲುಗಿಸಬಲ್ಲದೆಂದು ತಿಳಿದದ್ದು ಬಹಳ ತಡವಾಗಿ.

1996ರ ಜೂನ್ ತಿಂಗಳಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ಸಂಸ್ಥೆ ಕ್ವೇಕ್ ಎಂಬ ಆಟವನ್ನು ಬಿಡುಗಡೆ ಮಾಡಿತು. ಇದೇ ಸಂಸ್ಥೆಯ ಡೂಮ್ 1993ರಲ್ಲಿಯೇ ಬಂದಿತ್ತು. ಡೂಮ್ ನಡೆಯುತ್ತಿದ್ದುದು ಪೂರ್ಣಾಂಕಗಳ ಲೆಕ್ಕದ ಮೇಲೆ. ಕ್ವೇಕ್ ಮಾತ್ರ ನಿಜವಾದ ಮೂರು ಆಯಾಮದ ಜಗತ್ತು. ಅಲ್ಲಿ ದೂರದ ಗೋಡೆ ಚಿಕ್ಕದಾಗಿಯೂ ಹತ್ತಿರದ್ದು ದೊಡ್ಡದಾಗಿಯೂ ಸರಿಯಾಗಿ ಕಾಣಬೇಕಾದರೆ, ಪರದೆಯ ಬಿಂದುಬಿಂದುವಿಗೂ ಭಾಗಾಕಾರ ಮಾಡಬೇಕು. ಅದೂ ದಶಮಾಂಶಗಳ ಭಾಗಾಕಾರ. ಭಾಗಾಕಾರವೆಂದರೆ ನಮ್ಮ ಏಳನೆಯ ತರಗತಿಯ ಹುಡುಗರಿಗೆ ಹೇಗೆ ಬೇಸರವೋ ಪ್ರೊಸೆಸರಿಗೂ ಹಾಗೆಯೇ. ಕೂಡುವುದಕ್ಕಿಂತ ಅದಕ್ಕೆ ಎಷ್ಟೋ ಪಟ್ಟು ಹೆಚ್ಚು ಹೊತ್ತು ಹಿಡಿಯುತ್ತದೆ.

ಜಾನ್ ಕಾರ್ಮ್ಯಾಕ್ ಮತ್ತು ಮೈಕೆಲ್ ಅಬ್ರಾಷ್ ಎಂಬ ಇಬ್ಬರು ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾದದ್ದು. ಪ್ರತಿ ಬಿಂದುವಿಗೂ ಭಾಗಿಸುವುದನ್ನು ಬಿಟ್ಟು, ಹದಿನಾರು ಬಿಂದುಗಳಿಗೊಮ್ಮೆ ಮಾತ್ರ ಭಾಗಿಸುವುದು. ನಡುವಿನವನ್ನು ಅಂದಾಜಿನಿಂದ ತುಂಬುವುದು. ಪೆಂಟಿಯಂ ಪ್ರೊಸೆಸರಿನಲ್ಲಿ ದಶಮಾಂಶದ ಲೆಕ್ಕಕ್ಕೆ ಬೇರೆಯದೇ ಒಂದು ಭಾಗವಿತ್ತು. ಅದಕ್ಕೆ ಮುಂದಿನ ಭಾಗಾಕಾರವನ್ನು ಒಪ್ಪಿಸಿ, ಅದು ಲೆಕ್ಕ ಮಾಡುತ್ತಿರುವಾಗಲೇ ಪೂರ್ಣಾಂಕದ ಭಾಗವು ಈಗಿನ ಹದಿನಾರು ಬಿಂದುಗಳನ್ನು ಪರದೆಯ ಮೇಲೆ ಬಿಡಿಸಿ ಮುಗಿಸುತ್ತಿತ್ತು. ಒಲೆಯ ಮೇಲೆ ಬೇಳೆ ಬೇಯಲು ಇಟ್ಟು, ಅದು ಬೇಯುವಷ್ಟರಲ್ಲಿ ತರಕಾರಿ ಹೆಚ್ಚಿಕೊಳ್ಳುವ ಗೃಹಿಣಿಯ ಜಾಣತನವೇ ಇದು. ಭಾಗಾಕಾರಕ್ಕೆಂದು ಕಾಯುವ ಹೊತ್ತು ಹೆಚ್ಚುಕಡಿಮೆ ಇಲ್ಲವೇ ಇಲ್ಲವಾಯಿತು.

ಸೈರಿಕ್ಸ್‌ನ ಪ್ರೊಸೆಸರ್ ಪೂರ್ಣಾಂಕದ ಲೆಕ್ಕದಲ್ಲಿ ಪೆಂಟಿಯಮ್ಮಿಗಿಂತ ಚುರುಕಾಗಿತ್ತು. 133 ಮೆಗಾಹರ್ಟ್ಸ್ ವೇಗದಲ್ಲಿ ಓಡುವ ತನ್ನ ಪ್ರೊಸೆಸರಿಗೆ ಆ ಕಂಪನಿ 166+ ಎಂಬ ಅಂಕಿಯನ್ನು ಕೊಟ್ಟಿತ್ತು. 166ರ ಪೆಂಟಿಯಮ್ಮಿಗೆ ಇದು ಸಮ ಎಂಬ ಅರ್ಥದಲ್ಲಿ. ಪತ್ರ ಬರೆಯುವುದಕ್ಕೆ, ಲೆಕ್ಕಪತ್ರ ಇಡುವುದಕ್ಕೆ ಆ ಮಾತು ಸುಳ್ಳೇನಲ್ಲ. ಆದರೆ ದಶಮಾಂಶದಲ್ಲಿ ಅದು ನಿಧಾನಿ. ಕ್ವೇಕ್ ಹಾಕಿದೊಡನೆ ಆ 166 ಎಂಬುದು ಬರಿಯ ಅಂಕಿಯಾಗಿ ಉಳಿಯಿತು. ಬೋರ್ಡು ಅದೇ, ಸಾಕೆಟ್ಟು ಅದೇ, ಪೆಟ್ಟಿಗೆಯ ಮೇಲಿನ ಅಂಕಿಯೂ ಅದೇ, ಆದರೆ ಆಟ ಮಾತ್ರ ಕುಂಟುತ್ತದೆ. ಸೈರಿಕ್ಸ್ ಅನ್ನು 1997ರಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಕೊಂಡಿತು, 1999ರಲ್ಲಿ ಅದು ತೈವಾನಿನ ವಿಯಾ ಕಂಪನಿಯ ಪಾಲಾಯಿತು. ಅದರ ಅವನತಿಗೆ ಕಾರಣಗಳು ಹಲವು; ಕ್ವೇಕ್ ಅವುಗಳಲ್ಲಿ ಒಂದು. ಆಟಕ್ಕಾಗಿ ಪ್ರೊಸೆಸರನ್ನು ಆರಿಸುವುದು ಎಂಬ ಪ್ರತ್ಯೇಕ ವಿದ್ಯೆ ಗಟ್ಟಿಯಾಗಿ ನೆಲೆಯೂರಿದ್ದು ಅಲ್ಲಿಂದ ಎಂದು ನನ್ನ ಎಣಿಕೆ.

ಇಲ್ಲಿ ನಮ್ಮ ದೇಶದ ಒಬ್ಬರ ಹೆಸರನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಪುಣೆಯಲ್ಲಿ ಹುಟ್ಟಿ, ದೆಹಲಿಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ವಿನೋದ್ ಧಾಮ್ ಅವರು ಇಂಟೆಲ್‌ನಲ್ಲಿ ಪೆಂಟಿಯಂ ಯೋಜನೆಯ ಮುಂದಾಳಾಗಿದ್ದರು. 1995ರಲ್ಲಿ ಅದನ್ನು ಬಿಟ್ಟು ನೆಕ್ಸ್‌ಜೆನ್ ಎಂಬ ಸಣ್ಣ ಕಂಪನಿಗೆ ಸೇರಿದರು. ನೆಕ್ಸ್‌ಜೆನ್‌ನ ಪ್ರೊಸೆಸರ್ ಕೆಟ್ಟದ್ದೇನಲ್ಲ. ಆದರೆ ಅದು ಪೆಂಟಿಯಮ್ಮಿನ ಸಾಕೆಟ್ಟಿನಲ್ಲಿ ಕೂರುತ್ತಿರಲಿಲ್ಲ; ಅದಕ್ಕೆಂದೇ ಪ್ರತ್ಯೇಕ ಬೋರ್ಡು ಬೇಕು. ಒರಳು ಸಿಗದ ಗುಂಡುಕಲ್ಲನ್ನು ಯಾರು ಕೊಂಡಾರು? ಎ.ಎಂ.ಡಿ. ಆ ಕಂಪನಿಯನ್ನೇ ಕೊಂಡು, ಅದರ ಮುಂದಿನ ವಿನ್ಯಾಸವನ್ನು ಸಾಕೆಟ್ 7ಕ್ಕೆ ಹೊಂದುವಂತೆ ತಿದ್ದಿ, 1997ರಲ್ಲಿ ಕೆ6 ಎಂದು ಮಾರಿತು. ಪೆಂಟಿಯಂ, ಅದರ ಪ್ರತಿಸ್ಪರ್ಧಿ, ಎರಡಕ್ಕೂ ಒಬ್ಬ ಭಾರತೀಯನ ಕೈ ಹತ್ತಿತ್ತು.

ಅದೇ 1997ರ ಮೇ ತಿಂಗಳಿನಲ್ಲಿ ಛತ್ರದ ಬಾಗಿಲು ಮುಚ್ಚಿತು. ಇಂಟೆಲ್ ಪೆಂಟಿಯಂ 2 ಅನ್ನು ತಂದಾಗ ಸಾಕೆಟ್ಟನ್ನೇ ಕೈಬಿಟ್ಟು, ಸ್ಲಾಟ್ 1 ಎಂಬ ಉದ್ದನೆಯ ಸೀಳನ್ನು ಬೋರ್ಡಿನ ಮೇಲೆ ಇಟ್ಟಿತು. ಪ್ರೊಸೆಸರ್ ಒಂದು ಕಪ್ಪು ಡಬ್ಬಿಯಾಗಿ ಅದರಲ್ಲಿ ಲಂಬವಾಗಿ ನಿಲ್ಲುತ್ತಿತ್ತು. ಇದಕ್ಕೆ ತಾಂತ್ರಿಕ ಕಾರಣವಿತ್ತು: ಕ್ಯಾಶ್ ಎಂಬ ಹತ್ತಿರದ ನೆನಪನ್ನು ಪ್ರೊಸೆಸರಿನ ಬಿಲ್ಲೆಯೊಳಗೇ ಇಡುವುದು ಆಗ ದುಬಾರಿಯಾಗಿದ್ದುದರಿಂದ, ಎರಡನ್ನೂ ಒಂದೇ ಸಣ್ಣ ಹಲಗೆಯ ಮೇಲೆ ಕೂರಿಸಿದರು. ವ್ಯಾಪಾರದ ಕಾರಣವೂ ಇತ್ತು: ಈ ಹೊಸ ಸೀಳನ್ನು ಬಳಸುವ ಹಕ್ಕು ಪ್ರತಿಸ್ಪರ್ಧಿಗಳಿಗೆ ಇರಲಿಲ್ಲ. ಅಂದಿನಿಂದ ಇಂದಿನವರೆಗೆ ಎರಡು ಮನೆಗಳಿಗೂ ಬೇರೆ ಬೇರೆ ಒರಳು. ಮೊದಲು ಯಾರ ಮನೆ ಎಂದು ನಿಶ್ಚಯಿಸಿ, ಆಮೇಲೆ ಬೋರ್ಡು ಕೊಳ್ಳಬೇಕಾಯಿತು.

ಜಗಳದಿಂದ ಬಡವರಿಗೆ ಒಮ್ಮೊಮ್ಮೆ ಲಾಭವೂ ಆಗುವುದುಂಟು. ಅಗ್ಗದ ಗಿರಾಕಿಗಳು ಎ.ಎಂ.ಡಿ. ಕಡೆಗೆ ಹೋಗುವುದನ್ನು ತಡೆಯಲು ಇಂಟೆಲ್ 1998ರ ಏಪ್ರಿಲಿನಲ್ಲಿ ಸೆಲೆರಾನ್ ಎಂಬುದನ್ನು ತಂದಿತು. ಕ್ಯಾಶ್ ಅನ್ನು ಪೂರ್ತಿ ತೆಗೆದುಹಾಕಿದ್ದ ಆ ಪ್ರೊಸೆಸರನ್ನು ಎಲ್ಲರೂ ಹಾಸ್ಯ ಮಾಡಿದರು. ತಿದ್ದಿಕೊಂಡು ಆಗಸ್ಟಿನಲ್ಲಿ ಸೆಲೆರಾನ್ 300ಎ ಬಂದಿತು. ಇದರಲ್ಲಿ 128 ಕಿಲೋಬೈಟಿನ ಪುಟ್ಟ ಕ್ಯಾಶ್ ಬಿಲ್ಲೆಯ ಒಳಗೇ ಇದ್ದು, ಪ್ರೊಸೆಸರಿನ ಪೂರ್ಣ ವೇಗದಲ್ಲಿ ಓಡುತ್ತಿತ್ತು. ದುಬಾರಿ ಪೆಂಟಿಯಂ 2ರ ಕ್ಯಾಶ್ ದೊಡ್ಡದು, ಆದರೆ ಅರ್ಧ ವೇಗದ್ದು.

ಈಗ ಒಂದು ಸಣ್ಣ ಲೆಕ್ಕ. ಪ್ರೊಸೆಸರಿನ ವೇಗವೆಂದರೆ ಬೋರ್ಡು ಹಾಕುವ ತಾಳವನ್ನು ಪ್ರೊಸೆಸರಿನೊಳಗೆ ನಿಗದಿಯಾದ ಗುಣಕದಿಂದ ಗುಣಿಸಿದ್ದು. 300ಎ ಪ್ರೊಸೆಸರಿಗೆ ತಾಳ 66 ಚಿಲ್ಲರೆ, ಗುಣಕ ನಾಲ್ಕೂವರೆ, ಗುಣಲಬ್ಧ 300. ಗುಣಕವನ್ನು ಬದಲಿಸುವಂತಿರಲಿಲ್ಲ. ಆದರೆ ತಾಳ ಬೋರ್ಡಿನ ಕೈಯಲ್ಲಿತ್ತು! 440ಬಿ.ಎಕ್ಸ್. ಎಂಬ ಚಿಪ್‌ಸೆಟ್ ಇದ್ದ ಬೋರ್ಡುಗಳು 100ರ ತಾಳಕ್ಕೆಂದೇ ಆದವು. ನಾಲ್ಕೂವರೆ ನೂರಲೆ 450. ಅಂದಿಗೆ ಅತಿ ವೇಗದ ಪೆಂಟಿಯಂ 2 ಓಡುತ್ತಿದ್ದುದೂ 450ರಲ್ಲಿಯೇ, ಬೆಲೆ ಮಾತ್ರ ಹಲವು ಪಟ್ಟು ಹೆಚ್ಚು. ಅಬಿಟ್ ಕಂಪನಿಯ ಬಿ.ಎಚ್.6 ಎಂಬ ಬೋರ್ಡಿನಲ್ಲಿ ಪೆಟ್ಟಿಗೆಯನ್ನು ಬಿಚ್ಚದೆಯೇ, ಕೀಲಿಮಣೆಯಿಂದಲೇ ಈ ತಾಳವನ್ನು ಬದಲಿಸಬಹುದಾಗಿತ್ತು. ಜಗತ್ತಿನ ಎಲ್ಲೆಡೆಯ ಕಾಲೇಜು ಹುಡುಗರು ಈ ಜೋಡಿಗೆ ಮುಗಿಬಿದ್ದರು. ಪ್ರೊಸೆಸರಿನ ಅಂಕಿಗಿಂತ ಅದು ಕೂರುವ ಬೋರ್ಡು ದೊಡ್ಡದಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಆಗ ಗೊತ್ತಿರಲಿಲ್ಲ ಎನ್ನುವುದೇ ನನ್ನ ಕಥೆ.

2000ನೆಯ ಇಸವಿ. ಮಗ ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದಿದ್ದ. ಕಂಪ್ಯೂಟರ್ ಕೊಡಿಸುತ್ತೇನೆಂದು ನಾನೇ ಮಾತು ಕೊಟ್ಟಿದ್ದೆ, ಜಿ.ಪಿ.ಎಫ್.ನಿಂದ ಮುಂಗಡವನ್ನೂ ತೆಗೆದಿದ್ದೆ. ಅವನು ಎಲ್ಲೆಲ್ಲಿಂದಲೋ ಹಳೆಯ ಪತ್ರಿಕೆಗಳನ್ನು ತಂದು ಓದಿ ಒಂದು ಪಟ್ಟಿ ಬರೆದುಕೊಟ್ಟ. ಪ್ರೊಸೆಸರ್ ಸೆಲೆರಾನ್ 566. ಅದರ ಮುಂದೆ, ಮೇಲುಬಗೆಯ ಬಿ.ಎಕ್ಸ್. ಬೋರ್ಡು, "ಎ.ಜಿ.ಪಿ. ಸ್ಲಾಟ್ ಇರಲೇಬೇಕು" ಎಂಬ ಟಿಪ್ಪಣಿ. ಗುಣಕ ಎಂಟೂವರೆ ಆದುದರಿಂದ 100ರ ತಾಳದಲ್ಲಿ ಅದು 850 ಆಗುತ್ತದೆಂದು ಉತ್ಸಾಹದಿಂದ ವಿವರಿಸಿದ. ನನಗೆ ಅದು ಸೇರಿಗೆ ಸವಾಸೇರು ಅಳೆಯುವವನ ಮಾತಿನಂತೆ ಕೇಳಿಸಿತು. 566 ಎಂದು ಬರೆದ ವಸ್ತುವನ್ನು 850 ಮಾಡುವುದೆಂದರೆ ಮೋಸವಲ್ಲವೇ ಎಂದೆ. ಅವನು ಸುಮ್ಮನಾದ.

ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಒಬ್ಬನೇ ಹೋದೆ. ಅವನಿಗೆ ಪರೀಕ್ಷೆಯೋ ಏನೋ ಇತ್ತು. ಅವನಿಗಾಗಿ ಒಂದು ವಾರ ಕಾಯಬಹುದಿತ್ತು, ಕಾಯಲಿಲ್ಲ. ಎಸ್.ಪಿ. ರಸ್ತೆಯ ಆ ಇಕ್ಕಟ್ಟು, ಅಂಗಡಿಗಳ ಎದುರಿಗೆ ರಾಶಿ ಬಿದ್ದ ಮಾನಿಟರುಗಳು, ತಂತಿಗಳು. ಅಂಗಡಿಯವರು ಒಂದೊಂದಕ್ಕೂ ಬೆಲೆ ಬರೆಯುತ್ತ ಹೋದಂತೆ ನಾನು ಮೇಷ್ಟ್ರ ಬುದ್ಧಿಯಿಂದ ವಿಚಾರ ಮಾಡಿದೆ. ಪ್ರೊಸೆಸರ್ ಎಂದರೆ ಮೆದುಳು. ಅದರಲ್ಲಿ ಜಿಪುಣತನ ಕೂಡದು. ಮಗ ಕೇಳಿದ್ದಕ್ಕಿಂತ ಮೇಲಿನದೇ ಇರಲೆಂದು ಪೆಂಟಿಯಂ 3 ತೆಗೆದುಕೊಂಡೆ. ಬೋರ್ಡು ಎಂದರೇನು, ಮೆದುಳನ್ನು ಇಡುವ ಹಲಗೆ ತಾನೆ? ಚಿತ್ರ ಮೂಡಿಸುವ ವ್ಯವಸ್ಥೆ ಬೋರ್ಡಿನಲ್ಲಿಯೇ ಸೇರಿದೆ, ಬೇರೆ ಕಾರ್ಡು ಬೇಡ ಎಂದು ಒಂದನ್ನು ತೋರಿಸಿದರು. ಮಗ ಬರೆದದ್ದಕ್ಕಿಂತ ಎರಡೂವರೆ ಸಾವಿರ ರೂಪಾಯಿ ಕಡಿಮೆ. ಎ.ಜಿ.ಪಿ. ಎಂದರೇನೆಂದು ನಾನು ಕೇಳಲಿಲ್ಲ. ಗೊತ್ತಿಲ್ಲವೆಂದು ತೋರಿಸಿಕೊಳ್ಳಲು ಸಂಕೋಚವಾಯಿತು. ತರಗತಿಯಲ್ಲಿ ನಿಮಗೆಲ್ಲ "ತಿಳಿಯದಿದ್ದರೆ ಕೈ ಎತ್ತಿ ಕೇಳಿ" ಎಂದು ಗದರಿಸುತ್ತಿದ್ದವನೇ ನಾನು.

ಎ.ಜಿ.ಪಿ. ಎಂಬುದು 1997ರಲ್ಲಿ ಬೋರ್ಡುಗಳಿಗೆ ಬಂದ ಒಂದು ವಿಶೇಷ ಸ್ಲಾಟು. ಗ್ರಾಫಿಕ್ಸ್ ಕಾರ್ಡಿಗೆಂದೇ ಮೀಸಲಾದ ರಾಜಮಾರ್ಗ. ಹೊಸ ಆಟಗಳ ಕಾರ್ಡುಗಳು ಬಹುಮಟ್ಟಿಗೆ ಅದಕ್ಕೇ ತಯಾರಾಗುತ್ತಿದ್ದವು. ಆ ಕಾಲದ ಎಷ್ಟೋ ಅಗ್ಗದ ಬೋರ್ಡುಗಳಲ್ಲಿ ಚಿತ್ರದ ವ್ಯವಸ್ಥೆಯನ್ನು ಒಳಗೇ ಸೇರಿಸಿ, ಆ ಸ್ಲಾಟನ್ನು ಬಿಟ್ಟುಬಿಡುತ್ತಿದ್ದರು. ಕಚೇರಿಯ ಕೆಲಸಕ್ಕೆ ಅದು ಸಾಕು. ಆಟಕ್ಕೆ ಮಾತ್ರ ಆ ಯಂತ್ರಕ್ಕೆ ಭವಿಷ್ಯವಿಲ್ಲ.

ಮಗ ಪೆಟ್ಟಿಗೆಯನ್ನು ಬಿಚ್ಚಿ ನೋಡಲಿಲ್ಲ. ಹೊಸ ಯಂತ್ರದ ಗ್ಯಾರಂಟಿಯ ಸೀಲು ಇದೆ, ಮುಟ್ಟಬೇಡವೆಂದು ನಾನೇ ಹೇಳಿದ್ದೆ. ನಮ್ಮ ಬೀದಿಯ ನಾಲ್ಕೈದು ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಟ್ಟು, ಒಂದು ವರ್ಷ ದುಡ್ಡು ಕೂಡಿಸಿ, 2001ರಲ್ಲಿ ಟಿ.ಎನ್.ಟಿ. 2 ಎಂಬ ಗ್ರಾಫಿಕ್ಸ್ ಕಾರ್ಡನ್ನು ಕೊಂಡು ತಂದ. ಅವತ್ತು ಸೀಲು ಒಡೆದ. ನಾನು ಪಕ್ಕದ ಕೋಣೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಸ್ಕ್ರೂಗಳನ್ನು ಬಿಚ್ಚುವ ಸದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಎದ್ದು ಹೋಗಿ ನೋಡಿದರೆ ಕಾರ್ಡನ್ನು ಅದರ ಪೆಟ್ಟಿಗೆಯೊಳಗೆ ಮರಳಿ ಇಡುತ್ತಿದ್ದ.

"ಏನಾಯಿತೋ?" ಎಂದೆ.

"ಏನಿಲ್ಲಪ್ಪ. ಬೋರ್ಡಿನಲ್ಲಿ ಇದಕ್ಕೆ ಜಾಗ ಇಲ್ಲ."

"ನಾನು ಬರೆದುಕೊಟ್ಟಿದ್ದೆನಲ್ಲ" ಎಂದು ಅವನು ಅಂದು ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ. ಹೇಳಿದ್ದರೆ ನಾನೂ ಏನಾದರೂ ರೇಗಿ ಅಲ್ಲಿಗೆ ಮುಗಿಯುತ್ತಿತ್ತು. ಕೊಂಡ ಅಂಗಡಿಯಲ್ಲಿ ಕಾರ್ಡನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅದು ಬೀರುವಿನ ಕೆಳಗಿನ ಅರೆಯನ್ನು ಸೇರಿತು. ಬೋರ್ಡನ್ನು ಬದಲಿಸಿಕೊಡುತ್ತೇನೆಂದು ಎರಡು ಮೂರು ಸಲ ಹೇಳಿದೆ. ಅಷ್ಟರಲ್ಲಿ ಮಗಳ ಮದುವೆ ಬಂತು.

ಇಂತಹ ಪುಸ್ತಕ ಪತ್ರಿಕೆಗಳನ್ನು ನಾನು ಓದತೊಡಗಿದ್ದು ಆಮೇಲೆ. ಇಷ್ಟು ವಿವರ ತಿಳಿದದ್ದು ಆ ಜಾಗವಿಲ್ಲದ ಕಾರ್ಡಿನಿಂದ.

ಮುಂದಿನ ಇತಿಹಾಸವನ್ನು ಬೇಗ ಹೇಳಿಬಿಡುತ್ತೇನೆ. 1999ರಲ್ಲಿ ಎ.ಎಂ.ಡಿ. ಅಥ್ಲಾನ್ ಎಂಬ ಪ್ರೊಸೆಸರನ್ನು ತಂದಿತು. ಅದರ ಸ್ಲಾಟ್ ಎ ಎಂಬುದು ನೋಡಲು ಸ್ಲಾಟ್ 1ರದೇ ಕನೆಕ್ಟರು, ಹಿಂದುಮುಂದಾಗಿ ಕೂರಿಸಿದ್ದು! ಭಾಗ ಒಂದೇ ಆದರೆ ತಯಾರಕರಿಗೆ ಅಗ್ಗವಾಗುತ್ತದೆ; ತಿರುಗಿಸಿದರೆ ಯಾರೂ ತಪ್ಪಾಗಿ ಚುಚ್ಚುವುದಿಲ್ಲ. ಬೋರ್ಡು ಮಾಡುವವರಿಗೆ ಮಾತ್ರ ದೊಡ್ಡ ಮನೆಯ ಭಯ. ಅಸುಸ್ ತನ್ನ ಮೊದಲ ಅಥ್ಲಾನ್ ಬೋರ್ಡನ್ನು ಹೆಸರಿಲ್ಲದ ಬಿಳಿಯ ಪೆಟ್ಟಿಗೆಯಲ್ಲಿ ಮಾರಿದ್ದು ಆ ಕಾಲದ ಪ್ರಸಿದ್ಧ ಸಂಗತಿ. 2000ದ ಮಾರ್ಚ್ 6ರಂದು ಎ.ಎಂ.ಡಿ. ಒಂದು ಗಿಗಾಹರ್ಟ್ಸ್ ಮುಟ್ಟಿತು, ಎರಡು ದಿನ ಬಿಟ್ಟು ಇಂಟೆಲ್ ಮುಟ್ಟಿತು. ಅದೇ ನವೆಂಬರಿನಲ್ಲಿ ಪೆಂಟಿಯಂ 4 ಬಂದಿತು, 423 ಪಿನ್ನುಗಳ ಸಾಕೆಟ್ಟಿನೊಂದಿಗೆ. ಮರುವರ್ಷವೇ 478 ಪಿನ್ನುಗಳ ಸಾಕೆಟ್ಟು ಬಂದು, ಹಿಂದಿನ ಬೋರ್ಡು ಕೊಂಡವರು ಎರಡು ಗಿಗಾಹರ್ಟ್ಸ್‌ಗೇ ನಿಂತುಹೋದರು. ಎ.ಎಂ.ಡಿ.ಯ ಸಾಕೆಟ್ ಎ ಮಾತ್ರ 2000ದಿಂದ ನಾಲ್ಕೈದು ವರ್ಷ ಬಾಳಿತು. 2006ರ ಕೋರ್ 2 ಡುಯೋ ಇಂಟೆಲ್‌ಗೆ ಮತ್ತೆ ಪಟ್ಟ ಕಟ್ಟಿತು, ಅಲ್ಲಿಂದ ಹತ್ತು ವರ್ಷ ಹೆಚ್ಚು ಹೇಳುವಂತಹದಿಲ್ಲ.

2017ರಲ್ಲಿ ಒಂದೇ ವರ್ಷ ಎರಡು ವಿಚಿತ್ರಗಳು ನಡೆದವು. ಇಂಟೆಲ್ ತನ್ನ ಎಂಟನೆಯ ಪೀಳಿಗೆಯ ಪ್ರೊಸೆಸರುಗಳನ್ನು ತಂದಿತು. ಸಾಕೆಟ್ಟಿನ ಪಿನ್ನುಗಳು ಹಿಂದಿನಂತೆಯೇ 1151, ಆದರೂ ಹಿಂದಿನ ವರ್ಷದ ಬೋರ್ಡು ಅದನ್ನು ಒಪ್ಪುವುದಿಲ್ಲ. ಗುಳಿ ಒಂದೇ ಆದರೂ ರುಬ್ಬಲು ಅಪ್ಪಣೆಯಿಲ್ಲ! ಎ.ಎಂ.ಡಿ. ರೈಜನ್ ಪ್ರೊಸೆಸರನ್ನು ತಂದು, ಎ.ಎಂ.4 ಎಂಬ ಸಾಕೆಟ್ಟನ್ನು 2020ರವರೆಗೆ ಉಳಿಸಿಕೊಳ್ಳುತ್ತೇವೆಂದಿತು. 2020ರಲ್ಲಿ ಬರಲಿರುವ ಹೊಸ ಪೀಳಿಗೆ 400 ಸರಣಿಯ ಬೋರ್ಡುಗಳಲ್ಲಿ ಓಡುವುದಿಲ್ಲವೆಂದು ಆ ಕಂಪನಿಯೂ ಹೇಳಿತು. ಬೋರ್ಡು ಕೊಂಡಿದ್ದವರು ಗಲಾಟೆ ಎಬ್ಬಿಸಿದರು. ಕೆಲವೇ ದಿನಗಳಲ್ಲಿ ಕಂಪನಿ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. 2022ರಲ್ಲಿ ಬಂದ 5800ಎಕ್ಸ್3ಡಿ ಎಂಬ, 96 ಮೆಗಾಬೈಟ್ ಕ್ಯಾಶ್ ಹೊತ್ತ ಪ್ರೊಸೆಸರ್ ಆಟಗಳಿಗೆಂದೇ ಹೆಸರಾದದ್ದು. ಬಯಾಸ್ ನವೀಕರಿಸಿಕೊಂಡರೆ 2017ರ ಎಷ್ಟೋ ಬೋರ್ಡುಗಳಲ್ಲಿಯೂ ಅದು ಕೂರುತ್ತಿತ್ತು. ಐದು ವರ್ಷ ಹಳೆಯ ಒರಳಿಗೆ ಹೊಸ ಗುಂಡುಕಲ್ಲು. ನನ್ನ ಮಟ್ಟಿಗೆ ಅದು ಆ ಮನೆಯವರು ಮಾಡಿದ ದೊಡ್ಡ ಉಪಕಾರ. ಗಿರಾಕಿಗಳು ಜಗಳವಾಡಿ ಪಡೆದ ಉಪಕಾರ ಎನ್ನುವುದನ್ನೂ ಮರೆಯಬಾರದು. ದುಬಾರಿಯದೆಲ್ಲ ನಿರ್ಭಯವೆಂದೂ ಅಲ್ಲ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಮೇಲ್ದರ್ಜೆಯ ಪ್ರೊಸೆಸರುಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜಿನಿಂದ ಹದಗೆಟ್ಟು, 2024ರಲ್ಲಿ ಕಂಪನಿ ತಿದ್ದುಪಡಿ ಹೊರಡಿಸಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಬೇಕಾಯಿತು.

ಮೊಮ್ಮಗ ಇಷ್ಟನ್ನೂ ಕೇಳಿದ. ನಡುವೆ ಎರಡು ಸಲ ಅಜ್ಜಿಯ ಬಳಿಗೆ ಹೋಗಿ ಚಕ್ಕುಲಿ ತಂದುಕೊಂಡ ಎಂಬುದನ್ನೂ ದಾಖಲಿಸುತ್ತೇನೆ. ಆಮೇಲೆ ಇಬ್ಬರೂ ಕುಳಿತು ಪಟ್ಟಿಯನ್ನು ತಿದ್ದಿದೆವು. ಮೊದಲ ಸಾಲಿನಲ್ಲಿ ಈಗ ಸಾಕೆಟ್ಟಿನ ಹೆಸರು ಬಂತು: ಎ.ಎಂ.5. 2022ರಲ್ಲಿ ಬಂದ ಇದನ್ನು 2027ರವರೆಗಾದರೂ ಪೋಷಿಸುತ್ತೇವೆಂದು ಕಂಪನಿ ಹೇಳಿದೆ. ನಾಳೆ ದೊಡ್ಡ ಪ್ರೊಸೆಸರ್ ಬೇಕೆನಿಸಿದರೆ ಬೋರ್ಡನ್ನು ಕೀಳಬೇಕಾಗಿಲ್ಲ. ದುಬಾರಿಯ ಪ್ರೊಸೆಸರನ್ನು ಹೊಡೆದುಹಾಕಿ ಆರು ಕೋರಿನ ಸಾಧಾರಣದ್ದೊಂದನ್ನು ಬರೆದ. ಉಳಿದ ಹಣದ ಹೆಚ್ಚು ಪಾಲು ಗ್ರಾಫಿಕ್ಸ್ ಕಾರ್ಡಿಗೆ. ಬೋರ್ಡು ನಡುವಣದು. ಬಣ್ಣದ ದೀಪಗಳಿಗಾಗಿ ಎರಡರಷ್ಟು ಕೊಡುವುದು ನನ್ನಂತೆ ಜಿಪುಣತನ ಮಾಡುವಷ್ಟೇ ದಡ್ಡತನ. ನೋಡಬೇಕಾದದ್ದು ಪ್ರೊಸೆಸರಿಗೆ ವಿದ್ಯುತ್ ಹದ ಮಾಡಿ ಕೊಡುವ ಭಾಗ ಗಟ್ಟಿಯಾಗಿದೆಯೇ, ಅದಕ್ಕೆ ಶಾಖ ಹೀರುವ ಲೋಹದ ಹೊದಿಕೆ ಇದೆಯೇ, ಮೆಮೊರಿಗೆ ನಾಲ್ಕು ಸ್ಲಾಟುಗಳಿವೆಯೇ, ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯಾಸ್ ಬದಲಿಸುವ ಗುಂಡಿ ಇದೆಯೇ ಎಂಬುದನ್ನು. ಬೋರ್ಡಿನ ಕೈಪಿಡಿಯನ್ನು ಫೋನಿನಲ್ಲಿ ತೆರೆದು, ಗ್ರಾಫಿಕ್ಸ್ ಕಾರ್ಡಿನ ಸ್ಲಾಟು ಎಲ್ಲಿದೆಯೆಂದು ಅವನ ಬೆರಳಿನಿಂದಲೇ ನನಗೆ ತೋರಿಸುವಂತೆ ಹೇಳಿದೆ. ತೋರಿಸಿದ. ಇನ್ನೊಮ್ಮೆ ತೋರಿಸು ಎಂದೆ.

ಸಂಜೆ ಮಗನಿಗೆ ಫೋನು ಮಾಡಿ, "ನನ್ನ ಬಳಿಗೇ ಕಳುಹಿಸಿದೆಯಲ್ಲ, ಚುಚ್ಚುವುದಕ್ಕೇನೋ?" ಎಂದು ಕೇಳಿಯೇ ಬಿಟ್ಟೆ. ಇಪ್ಪತ್ತೈದು ವರ್ಷಗಳಲ್ಲಿ ಆ ವಿಷಯವನ್ನು ಮಾತಿಗೆ ತಂದದ್ದು ಅದೇ ಮೊದಲು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕ. "ಇಲ್ಲಪ್ಪ. ನಾನು ಹೇಳಿದರೆ ಅವನು ಕೇಳೋದಿಲ್ಲ. ನೀವಾದರೆ ಕಥೆ ಹೇಳ್ತೀರಿ" ಎಂದ. ನಾನು ಪಟ್ಟಿಯನ್ನು ಒಂದೊಂದೇ ಸಾಲು ಓದಿ ಹೇಳಿದೆ. ಅವನು ಒಂದನ್ನೂ ತಿದ್ದಲಿಲ್ಲ.

ದೀಪಾವಳಿಗೆ ನಾವು ಬೆಂಗಳೂರಿಗೆ ಹೋಗುವ ಹೊತ್ತಿಗೆ ಬಿಡಿಭಾಗಗಳು ಬಂದಿದ್ದವು. ಹೋಗುವಾಗ ಬೀರುವಿನ ಕೆಳಗಿನ ಅರೆಯಿಂದ ಆ ಹಳೆಯ ಪೆಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಊಟದ ಮೇಜಿನ ಮೇಲೆ ಹಾಸಿದ ಬಟ್ಟೆಯ ಮೇಲೆ ಅಪ್ಪ ಮಗ ಇಬ್ಬರೂ ಹೊಸ ಬೋರ್ಡನ್ನು ಇಟ್ಟುಕೊಂಡು ಕುಳಿತಿದ್ದರು. ಪ್ರೊಸೆಸರನ್ನು ಸಾಕೆಟ್ಟಿನಲ್ಲಿ ಕೂರಿಸುವ ಕೆಲಸವನ್ನು ಮಗ ಮಗನಿಗೇ ಬಿಟ್ಟ. ಅದು ಕೂತಿತು. ನಾನು ಪೆಟ್ಟಿಗೆಯನ್ನು ತೆರೆದು ಕಾರ್ಡನ್ನು ಕೊಟ್ಟೆ. ಮೊಮ್ಮಗ ಅದನ್ನು ಮೂಸಿ ನೋಡಿದ, ತಿರುಗಿಸಿ ನೋಡಿದ, ಅಂಗೈಯಗಲದ ಇದರಲ್ಲಿ ಆಟ ಆಡುತ್ತಿದ್ದರೇ ಎಂದು ಕೇಳಿದ. ಕೊನೆಗೆ ಹೊಸ ಬೋರ್ಡಿನ ಸ್ಲಾಟಿನ ಮೇಲೆ ಹಿಡಿದು ಅಳತೆ ನೋಡಿದ. ಎ.ಜಿ.ಪಿ. ಹೋಗಿ ಪಿ.ಸಿ.ಐ. ಎಕ್ಸ್‌ಪ್ರೆಸ್ ಬಂದು ಇಪ್ಪತ್ತು ವರ್ಷಗಳ ಮೇಲಾಗಿದೆ.

"ತಾತ, ಇದರಲ್ಲೂ ಜಾಗ ಇಲ್ಲ" ಎಂದ.

ಮಗ ತಲೆ ಎತ್ತಿ ನನ್ನನ್ನು ನೋಡಿದ. ಮೂವರೂ ಎಷ್ಟು ನಕ್ಕೆವೆಂದರೆ ಒಳಗಿನಿಂದ ಸೊಸೆ ಏನಾಯಿತೆಂದು ಓಡಿಬಂದಳು.